ಇಲಿಯ ತಲೆಯನ್ನು ಯಾಕೆ ಬಿಗಿಯುತ್ತಾರೆ? ‘ನಿಯಂತ್ರಣ ಮತ್ತು ಸಹಭಾಗಿತ್ವ’ ಪಾಠದಲ್ಲಿ ಎದ್ದ ಒಂದು ಪ್ರಶ್ನೆ

ಬೋಧನಾಭ್ಯಾಸದ ಮೊದಲ ಹಂತದಲ್ಲಿ ನನಗೆ ತಿಕೋಟಾದ ಒಂದು ಪ್ರೌಢಶಾಲೆ ಹಂಚಿಕೆಯಾಗಿತ್ತು. ಹತ್ತನೆಯ ತರಗತಿ, ವಿಜ್ಞಾನ ವಿಷಯ, ‘ನಿಯಂತ್ರಣ ಮತ್ತು ಸಹಭಾಗಿತ್ವ’ ಘಟಕ. ನರಕೋಶದ ಚಿತ್ರ, ಪರಾವರ್ತಿತ ಕ್ರಿಯೆ, ಮೆದುಳಿನ ಭಾಗಗಳು ಎಲ್ಲವೂ ಪಾಠ ಯೋಜನೆಯಲ್ಲಿ ಇದ್ದವು. ಆದರೂ ಒಂದು ಕೊರತೆ ಕಾಣುತ್ತಿತ್ತು. ಮೆದುಳಿನ ಯಾವ ಭಾಗ ಯಾವ ಕೆಲಸ ಮಾಡುತ್ತದೆ ಎಂದು ಪುಸ್ತಕ ಹೇಳುತ್ತದೆ. ಅದು ವಿಜ್ಞಾನಿಗಳಿಗೆ ಹೇಗೆ ಗೊತ್ತಾಯಿತು ಎಂದು ಮಕ್ಕಳು ಕೇಳಿದರೆ ಏನು ತೋರಿಸುವುದು? ಆದ್ದರಿಂದ ವಿಜಯಪುರದಲ್ಲಿ ಒಂದು ಬಣ್ಣದ ಚಿತ್ರ ಮುದ್ರಿಸಿಕೊಂಡು ಹೋದೆ. ಥರ್ಮಾಕೋಲಿನ ದೊಡ್ಡ ಚೆಂಡಿನ ಮೇಲೆ ಒಂದು ಪುಟ್ಟ ಇಲಿ ನಿಂತಿದೆ. ಅದರ ತಲೆಗೆ ಲೋಹದ ಪಟ್ಟಿ, ಪಟ್ಟಿಯನ್ನು ಎರಡೂ ಕಡೆ ಹಿಡಿದ ಕಂಬಗಳು, ಮೇಲೆ ಸೂಕ್ಷ್ಮದರ್ಶಕ. ಇಲಿ ಓಡುತ್ತಿರುವಾಗಲೇ ಅದರ ಮೆದುಳನ್ನು ನೋಡುತ್ತಾರೆ ಎಂದು ವಿವರಿಸಿದೆ.

ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಟೀಚರ್ರಿ, ಅದರ ತಲಿ ಯಾಕ ಬಿಗದಾರ್ರಿ? ಅದಕ್ಕ ನೋವಾಗಂಗಿಲ್ಲೇನ್ರಿ?”

ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕ ಉಪನ್ಯಾಸಕರು ಅವಲೋಕನ ಪುಸ್ತಕ ಹಿಡಿದು ಕುಳಿತಿದ್ದರು. ಅವಧಿ ಮುಗಿಯಲು ಆರು ನಿಮಿಷ ಉಳಿದಿತ್ತು, ಮೌಲ್ಯಮಾಪನದ ಪ್ರಶ್ನೆಗಳು ಇನ್ನೂ ಬಾಕಿ ಇದ್ದವು. “ಇಲ್ಲಮ್ಮಾ, ಅದಕ್ಕೇನೂ ಆಗೋದಿಲ್ಲ, ಕೂತ್ಕೋ” ಎಂದು ಮುಂದೆ ಹೋದೆ. ಹುಡುಗಿ ಕುಳಿತಳು. ಪಾಠ ಸಮಯಕ್ಕೆ ಸರಿಯಾಗಿ ಮುಗಿಯಿತು. ಅವಲೋಕನ ಪುಸ್ತಕದಲ್ಲಿ ಧ್ವನಿ, ಕಪ್ಪುಹಲಗೆ ಕಾರ್ಯ, ಕಲಿಕೋಪಕರಣ ಎಲ್ಲಕ್ಕೂ ಒಳ್ಳೆಯ ಮಾತು ಬಂದಿತ್ತು. ಕೊನೆಯಲ್ಲಿ ಒಂದೇ ಸಾಲು: “ವಿದ್ಯಾರ್ಥಿನಿಯ ಪ್ರಶ್ನೆಗೆ ಕೊಟ್ಟ ಉತ್ತರ ನಿಮಗೆ ಗೊತ್ತಿದ್ದು ಕೊಟ್ಟದ್ದೇ?”

ಗೊತ್ತಿರಲಿಲ್ಲ. ಆ ಸಾಲಿನ ಕಾರಣದಿಂದ ಓದಿ ತಿಳಿದುಕೊಂಡದ್ದನ್ನು, ಎರಡನೆಯ ಹಂತದಲ್ಲಿ ಬಬಲೇಶ್ವರದ ಶಾಲೆಯಲ್ಲಿ ಅದೇ ಪಾಠವನ್ನು ಹೇಗೆ ಮಾಡಿದೆ ಎಂಬುದನ್ನು ಸಹಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ತಲೆ ಅಲುಗಿದರೆ ಏನು ತೊಂದರೆ?

ಮೊದಲು ಒಂದು ಪದದ ಸ್ಪಷ್ಟನೆ. ಕನ್ನಡದಲ್ಲಿ ನಾವು ಎಲ್ಲವನ್ನೂ ಇಲಿ ಎನ್ನುತ್ತೇವೆ. ಪ್ರಯೋಗಾಲಯದಲ್ಲಿ ಮುಖ್ಯವಾಗಿ ಎರಡು ಬಗೆಯ ಇಲಿಗಳಿವೆ. ಒಂದು ಸುಂಡಿಲಿ, ತೂಕ 20ರಿಂದ 30 ಗ್ರಾಂ. ಇನ್ನೊಂದು ದೊಡ್ಡ ಇಲಿ, ಅದರ ತೂಕ ಸುಂಡಿಲಿಯ ಹತ್ತು ಪಟ್ಟು ಅಥವಾ ಇನ್ನೂ ಹೆಚ್ಚು. ಈ ಲೇಖನದಲ್ಲಿ ಅದೇ ಎರಡು ಹೆಸರು ಬಳಸುತ್ತೇನೆ.

ಈಗ ಅಳತೆ ನೋಡೋಣ. ನರಕೋಶದ ಕಾಯದ ಅಗಲ ಸುಮಾರು 10ರಿಂದ 20 ಮೈಕ್ರೋಮೀಟರ್. ಒಂದು ಮಿಲಿಮೀಟರಿನಲ್ಲಿ 1000 ಮೈಕ್ರೋಮೀಟರ್. ಕೋಶ 15 ಮೈಕ್ರೋಮೀಟರ್ ಅಗಲ ಇದ್ದು, ಇಲಿ ತಲೆಯನ್ನು ಒಂದೇ ಒಂದು ಮಿಲಿಮೀಟರ್ ಸರಿಸಿದರೂ, ನಾವು ನೋಡುತ್ತಿದ್ದ ಕೋಶ ತನ್ನ ಅಗಲದ ಅರವತ್ತು ಪಟ್ಟಿಗಿಂತ ಹೆಚ್ಚು ದೂರ ಹೋಗಿಬಿಡುತ್ತದೆ. ಈ ಲೆಕ್ಕವನ್ನು ಮಕ್ಕಳೇ ಕಪ್ಪುಹಲಗೆಯ ಮೇಲೆ ಮಾಡಬಹುದು. ಬಬಲೇಶ್ವರದಲ್ಲಿ ಮಾಡಿದರು.

ಇದನ್ನು ಕಣ್ಣಿಗೆ ಕಾಣಿಸಲು ಒಂದು ಚಟುವಟಿಕೆ ಮಾಡಿಸಿದೆ. ವರಾಂಡದ ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿಯ ಗೋಡೆಬರಹದ ಒಂದು ಅಕ್ಷರವನ್ನು ಮೊಬೈಲಿನಲ್ಲಿ ಪೂರ್ತಿ ಜೂಮ್ ಮಾಡಿ ಹಿಡಿಯಬೇಕು. ಜೂಮ್ ಇಲ್ಲದಾಗ ಚಿತ್ರ ನಿಂತೇ ಇರುತ್ತದೆ. ಜೂಮ್ ಹೆಚ್ಚಿಸಿದಂತೆ ಅಕ್ಷರ ಪರದೆಯ ಮೇಲೆ ಕುಣಿಯತೊಡಗುತ್ತದೆ. ಕೈ ಮೊದಲಿನಷ್ಟೇ ಅಲುಗುತ್ತಿದೆ, ಆದರೆ ವಸ್ತುವನ್ನು ದೊಡ್ಡದು ಮಾಡುವ ಮಸೂರ ಅಲುಗಾಟವನ್ನೂ ಅಷ್ಟೇ ದೊಡ್ಡದು ಮಾಡುತ್ತದೆ. ಅದೇ ಮೊಬೈಲನ್ನು ಕಟ್ಟೆಯ ಮೇಲೆ ಎರಡು ಇಟ್ಟಿಗೆಗಳ ನಡುವೆ ಇಟ್ಟರೆ ಅಕ್ಷರ ನಿಲ್ಲುತ್ತದೆ. ಕಣ್ಣಿನ ಆಸ್ಪತ್ರೆಗೆ ಹೋದ ಮಕ್ಕಳಿದ್ದರೆ ಕೇಳಿ. ಅಲ್ಲಿ ಗದ್ದವನ್ನು ಒಂದು ಪಟ್ಟಿಯ ಮೇಲಿಟ್ಟು, ಹಣೆಯನ್ನು ಇನ್ನೊಂದು ಪಟ್ಟಿಗೆ ಒತ್ತಿ ಕುಳಿತುಕೊಳ್ಳಲು ಹೇಳುತ್ತಾರೆ. ಕಾರಣ ಅದೇ. ನಮಗೆ “ಅಲುಗಾಡಬ್ಯಾಡ್ರಿ” ಎಂದರೆ ಅರ್ಥವಾಗುತ್ತದೆ, ಇಲಿಗೆ ಅರ್ಥವಾಗುವುದಿಲ್ಲ.

ತಲೆ ಬಿಗಿಯಲು ಇನ್ನೂ ಎರಡು ಕಾರಣಗಳಿವೆ. ಜೀವಂತ ಮೆದುಳಿನ ಆಳದ ಕೋಶಗಳನ್ನು ನೋಡುವ ಸೂಕ್ಷ್ಮದರ್ಶಕ, ಅದರ ಲೇಸರ್ ಎಲ್ಲವೂ ಸೇರಿ ಒಂದು ದೊಡ್ಡ ಮೇಜು ತುಂಬುತ್ತವೆ. 25 ಗ್ರಾಂ ತೂಕದ ಪ್ರಾಣಿ ಅದನ್ನು ಹೊರಲಾರದು. ಆದ್ದರಿಂದ ಇಲಿಯೇ ಯಂತ್ರದ ಬಳಿ ಬರಬೇಕು. ಎರಡನೆಯದಾಗಿ, ಪ್ರತಿ ಬಾರಿಯೂ ಪ್ರಚೋದನೆ ಒಂದೇ ರೀತಿ ತಲುಪಬೇಕು. ಕಣ್ಣಿಗೆ ಗಾಳಿ ಊದುವುದಾದರೆ ಅದು ಪ್ರತಿ ಸಲ ಕಣ್ಣಿಗೇ ತಾಗಬೇಕು, ಒಮ್ಮೆ ಕಣ್ಣಿಗೆ ಒಮ್ಮೆ ಕಿವಿಗೆ ತಾಗಿದರೆ ಫಲಿತಾಂಶಗಳನ್ನು ಹೋಲಿಸಲು ಬರುವುದಿಲ್ಲ. ಪ್ರಯೋಗದಲ್ಲಿ ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದವನ್ನು ಸ್ಥಿರವಾಗಿಡಬೇಕು ಎಂದು ನಾವು ಎಂಟನೆಯ ತರಗತಿಯಿಂದಲೇ ಹೇಳಿಕೊಡುತ್ತೇವಲ್ಲ, ಇದೂ ಅದೇ ನಿಯಮ.

ಉಪಕರಣದ ಭಾಗಗಳು

ಉಪಕರಣ ನೋಡಲು ಸಂಕೀರ್ಣವಾಗಿ ಕಂಡರೂ ಅದರ ಭಾಗಗಳು ಸರಳ.

ಮೊದಲನೆಯದು ತಲೆಪಟ್ಟಿ. ಟೈಟಾನಿಯಂ, ಸ್ಟೀಲ್ ಅಥವಾ ಅಲ್ಯೂಮಿನಿಯಂನಂಥ ಲೋಹದ ಸಣ್ಣ, ಹಗುರವಾದ ಪಟ್ಟಿ ಅಥವಾ ಉಂಗುರ. ಇದನ್ನು ತಲೆಬುರುಡೆಯ ಮೂಳೆಗೆ ಅಂಟಿಸುತ್ತಾರೆ. ಅಂಟು ಹಲ್ಲಿನ ಡಾಕ್ಟರು ಬಳಸುವ ಸಿಮೆಂಟಿನ ಜಾತಿಯದೇ. ಇದು ಶಸ್ತ್ರಚಿಕಿತ್ಸೆ. ಅರಿವಳಿಕೆ ಕೊಟ್ಟು, ಚರ್ಮ ಬಿಡಿಸಿ ಮಾಡಬೇಕು. ಆಮೇಲೆ ನೋವು ನಿವಾರಕ ಕೊಟ್ಟು, ಚೇತರಿಸಿಕೊಳ್ಳಲು ಕೆಲವು ದಿನ ಬಿಡಬೇಕು.

ಎರಡನೆಯದು ಕಿಟಕಿ. ಮೆದುಳನ್ನು ಬೆಳಕಿನಿಂದ ನೋಡಬೇಕಾದರೆ ಬುರುಡೆಯಲ್ಲಿ ಕೆಲವು ಮಿಲಿಮೀಟರ್ ಅಗಲದ ಭಾಗ ತೆಗೆದು ಅಲ್ಲಿ ತೆಳು ಗಾಜು ಕೂರಿಸುತ್ತಾರೆ. ಸೂಕ್ಷ್ಮದರ್ಶಕದ ಸ್ಲೈಡಿನ ಮೇಲೆ ನಾವು ಇಡುವ ಕವರ್ ಸ್ಲಿಪ್ಪಿನಂಥದೇ ಗಾಜು.

ಮೂರನೆಯದು ಹಿಡಿಕೆ. ಗಟ್ಟಿ ಮೇಜಿಗೆ ಜೋಡಿಸಿದ ಎರಡು ಕಂಬಗಳು ತಲೆಪಟ್ಟಿಯನ್ನು ಸ್ಕ್ರೂಗಳಿಂದ ಹಿಡಿಯುತ್ತವೆ. ಇಲ್ಲಿ ಗಮನಿಸಬೇಕಾದ ಅಂಶ: ಹಿಡಿತ ಇರುವುದು ಪಟ್ಟಿಯ ಮೇಲೆ. ಕುತ್ತಿಗೆಯನ್ನಾಗಲಿ ಕಿವಿಯನ್ನಾಗಲಿ ಒತ್ತುವುದಿಲ್ಲ.

ನಾಲ್ಕನೆಯದು ಕಾಲ ಕೆಳಗಿನ ಆಸರೆ. ಕೆಲವೆಡೆ ಮೈಯನ್ನು ಒಳಗೊಳ್ಳುವ ಕೊಳವೆ, ಕೆಲವೆಡೆ ತಿರುಗುವ ಚಕ್ರ, ಕೆಲವೆಡೆ ಓಡುವ ಪಟ್ಟಿ, ಕೆಲವೆಡೆ ನನ್ನ ಚಿತ್ರದಲ್ಲಿದ್ದಂತೆ ಗಾಳಿಯ ಮೇಲೆ ತೇಲುವ ಚೆಂಡು. ಇಲಿ ಓಡಿದರೆ ಅದು ಮುಂದೆ ಹೋಗುವುದಿಲ್ಲ, ಚೆಂಡು ಹಿಂದಕ್ಕೆ ಉರುಳುತ್ತದೆ. ಕಂಪ್ಯೂಟರ್ ಮೌಸ್‌ನಲ್ಲಿರುವಂಥ ಬೆಳಕಿನ ಸಂವೇದಕ ಆ ಉರುಳುವಿಕೆಯನ್ನು ಅಳೆಯುತ್ತದೆ. ಮುಂದೆ ನೀರಿನ ಸಣ್ಣ ನಳಿಗೆ, ಅಗತ್ಯವಿದ್ದರೆ ಪರದೆ ಅಥವಾ ಸ್ಪೀಕರ್.

ಇಷ್ಟೆಲ್ಲ ಬಿಗಿದರೂ ಮೆದುಳು ಪೂರ್ತಿ ನಿಲ್ಲುವುದಿಲ್ಲ. ಉಸಿರಾಟ, ಹೃದಯಬಡಿತ, ಓಟ ಇವುಗಳಿಂದ ಬುರುಡೆಯೊಳಗೆ ಅದು ಕೆಲವು ಮೈಕ್ರೋಮೀಟರ್ ಆಡುತ್ತಲೇ ಇರುತ್ತದೆ. ಆ ಉಳಿದ ಅಲುಗಾಟವನ್ನು ಕಂಪ್ಯೂಟರಿನಲ್ಲಿ ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ ಸರಿಪಡಿಸುತ್ತಾರೆ.

ಮಲಗಿದ ಮೆದುಳಿನಿಂದ ಎಚ್ಚರದ ಮೆದುಳಿಗೆ

ಪ್ರಾಣಿಯ ತಲೆಯನ್ನು ಚೌಕಟ್ಟಿನಲ್ಲಿ ಹಿಡಿದು ಮೆದುಳಿನ ನಿರ್ದಿಷ್ಟ ಜಾಗ ಮುಟ್ಟುವ ವಿಧಾನ ಹಳೆಯದು. ಲಂಡನ್ನಿನಲ್ಲಿ ವಿಕ್ಟರ್ ಹಾರ್ಸ್‌ಲಿ ಮತ್ತು ರಾಬರ್ಟ್ ಕ್ಲಾರ್ಕ್ 1908ರಲ್ಲಿ ಅಂಥ ಚೌಕಟ್ಟನ್ನು ವಿವರಿಸಿದರು. ಆದರೆ ಅದರಲ್ಲಿ ಪ್ರಾಣಿ ಅರಿವಳಿಕೆಯಲ್ಲಿ ಮಲಗಿರುತ್ತಿತ್ತು. ಮಲಗಿದ ಪ್ರಾಣಿ ಕಲಿಯುವುದಿಲ್ಲ, ನಿರ್ಧರಿಸುವುದಿಲ್ಲ. ಕಲಿಕೆಯನ್ನು ನೋಡಬೇಕಾದರೆ ಅದು ಎಚ್ಚರವಾಗಿ ಏನನ್ನಾದರೂ ಮಾಡುತ್ತಿರಬೇಕು. 1960ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಎವಾರ್ಟ್ಸ್ ಎಚ್ಚರವಾಗಿದ್ದು ಕೆಲಸ ಮಾಡುವ ಮಂಗಗಳಲ್ಲಿ ಒಂದೊಂದೇ ನರಕೋಶದ ವಿದ್ಯುತ್ ಸಂಕೇತ ದಾಖಲಿಸಿದರು.

1990ರಲ್ಲಿ ವಿನ್‌ಫ್ರೀಡ್ ಡೆಂಕ್ ಮತ್ತು ಸಂಗಡಿಗರು ಎರಡು ಫೋಟಾನ್ ಸೂಕ್ಷ್ಮದರ್ಶಕವನ್ನು ಪ್ರಕಟಿಸಿದರು. ಅದರಿಂದ ಜೀವಂತ ಅಂಗಾಂಶದ ಒಳಗೆ ನೂರಾರು ಮೈಕ್ರೋಮೀಟರ್ ಆಳದ ಕೋಶಗಳನ್ನು ನೋಡಲು ಸಾಧ್ಯವಾಯಿತು. ನರಕೋಶ ಸಂಕೇತ ಕಳಿಸಿದಾಗ ಅದರೊಳಗೆ ಕ್ಯಾಲ್ಸಿಯಂ ಅಯಾನುಗಳು ಹೆಚ್ಚುತ್ತವೆ. ಕ್ಯಾಲ್ಸಿಯಂ ಹೆಚ್ಚಾದಾಗ ಹೊಳೆಯುವ ಸೂಚಕವನ್ನು ಕೋಶಕ್ಕೆ ಸೇರಿಸಿದರೆ, ಕೆಲಸ ಮಾಡುವ ಕೋಶ ಮಿನುಗಿ ತೋರಿಸಿಕೊಳ್ಳುತ್ತದೆ. 2007ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಡೇನಿಯಲ್ ಡೊಂಬೆಕ್, ಡೇವಿಡ್ ಟ್ಯಾಂಕ್ ಮತ್ತಿತರರು ಸುಂಡಿಲಿಯನ್ನು ತೇಲುವ ಚೆಂಡಿನ ಮೇಲೆ ನಿಲ್ಲಿಸಿ, ತಲೆಯನ್ನು ಮಾತ್ರ ಹಿಡಿದು, ಓಡುತ್ತಿರುವಾಗಲೇ ಕೋಶಗಳ ಮಿನುಗು ನೋಡಿದರು.

ಬೆಂಗಳೂರಿನ ಪ್ರಯೋಗ ಮತ್ತು ನಮ್ಮ ಪಾವ್ಲೋವ್

ಇದೆಲ್ಲ ಅಮೆರಿಕದ ಮಾತು ಎಂದು ಮಕ್ಕಳಿಗೆ ಅನಿಸಬಾರದು. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್ ಇದೆ. ಅಲ್ಲಿನ ಮೆಹ್ರಾಬ್ ಮೋದಿ, ಆಶೇಶ್ ಧವಳೆ ಮತ್ತು ಉಪಿಂದರ್ ಭಲ್ಲಾ 2014ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಬಿ.ಇಡಿ. ಮನೋವಿಜ್ಞಾನ ಪತ್ರಿಕೆಗೆ ನೇರವಾಗಿ ಸಂಬಂಧಿಸಿದ್ದು.

ತಲೆ ಹಿಡಿದಿಟ್ಟ ಸುಂಡಿಲಿಗೆ ಒಂದು ಧ್ವನಿ ಕೇಳಿಸುತ್ತಾರೆ. ಧ್ವನಿ ನಿಲ್ಲುತ್ತದೆ. ಸೆಕೆಂಡಿನ ಒಂದು ಅಂಶದಷ್ಟು ಮೌನ. ಆಮೇಲೆ ಕಣ್ಣಿಗೆ ಸಣ್ಣಗೆ ಗಾಳಿ ಊದುತ್ತದೆ. ಗಾಳಿ ತಾಗಿದರೆ ರೆಪ್ಪೆ ಮುಚ್ಚುವುದು ಪರಾವರ್ತಿತ ಕ್ರಿಯೆ, ಪಾಠದಲ್ಲಿ ಇರುವುದೇ. ಹಲವು ಬಾರಿ ಹೀಗಾದ ಮೇಲೆ ಇಲಿ ಗಾಳಿ ಬರುವ ಮೊದಲೇ ರೆಪ್ಪೆ ಮುಚ್ಚಲು ಕಲಿಯುತ್ತದೆ. ಇದು ಪಾವ್ಲೋವನ ಶಾಸ್ತ್ರೀಯ ಅನುಬಂಧನ: ಗಂಟೆಯ ಜಾಗದಲ್ಲಿ ಧ್ವನಿ, ಜೊಲ್ಲಿನ ಜಾಗದಲ್ಲಿ ರೆಪ್ಪೆ. ಕಷ್ಟ ಇರುವುದು ನಡುವಿನ ಮೌನದಲ್ಲಿ. ಧ್ವನಿ ಮುಗಿದುಹೋಗಿದೆ, ಗಾಳಿ ಇನ್ನೂ ಬಂದಿಲ್ಲ, ಆ ಖಾಲಿ ಹೊತ್ತಿನಲ್ಲಿ ಮೆದುಳು ಧ್ವನಿಯ ನೆನಪನ್ನು ಹಿಡಿದಿಟ್ಟುಕೊಳ್ಳಬೇಕು. ಹಿಪೊಕ್ಯಾಂಪಸ್ ಎಂಬ ಭಾಗದ ಕೋಶಗಳು ಒಂದಾದ ಮೇಲೊಂದರಂತೆ ಸರದಿಯಲ್ಲಿ ಚಟುವಟಿಕೆ ತೋರಿ ಆ ಅಂತರಕ್ಕೆ ಸೇತುವೆ ಕಟ್ಟುತ್ತವೆ, ಕಲಿಕೆಯ ಜೊತೆಗೆ ಕೋಶಗಳ ನಡುವಣ ಹೊಂದಾಣಿಕೆಯೂ ಬದಲಾಗುತ್ತದೆ ಎಂಬುದು ಅವರು ಕಂಡ ಸಂಗತಿ.

‘ಉದ್ದೀಪನೆ–ಪ್ರತಿಕ್ರಿಯೆ ಬಂಧ’ ಎಂದು ನಾವು ನೋಟ್ಸಿನಲ್ಲಿ ಒಂದು ಬಾಣ ಹಾಕಿ ಬರೆಯುತ್ತೇವೆ. ಆ ಬಾಣದ ಜಾಗದಲ್ಲಿ ಏನಿದೆ ಎಂದು ಕೋಶ ಕೋಶವಾಗಿ ನೋಡಿದ ಕೆಲಸ ಇದು. ತಲೆ ಅಲುಗಿದ್ದರೆ ಇದು ಕಾಣುತ್ತಿರಲಿಲ್ಲ.

ಹಾಗಾದರೆ ಇಲಿಗೆ ಏನೂ ಆಗುವುದಿಲ್ಲವೇ?

ನಾನು ತಿಕೋಟಾದಲ್ಲಿ ಕೊಟ್ಟ ಉತ್ತರ ಎಷ್ಟು ತಪ್ಪು ಎಂಬುದು ಇಲ್ಲಿ ತಿಳಿಯುತ್ತದೆ.

ಮೆದುಳಿನ ಅಂಗಾಂಶದಲ್ಲಿ ನೋವಿನ ಗ್ರಾಹಕಗಳಿಲ್ಲ ಎಂಬುದು ನಿಜ. ಆದರೆ ಚರ್ಮದಲ್ಲಿವೆ, ಮೂಳೆಯ ಹೊದಿಕೆಯಲ್ಲಿವೆ. ಅದಕ್ಕೇ ಅರಿವಳಿಕೆ, ಅದಕ್ಕೇ ನೋವು ನಿವಾರಕ. ಹಿಪೊಕ್ಯಾಂಪಸ್ ಆಳದಲ್ಲಿರುವುದರಿಂದ ಸುಂಡಿಲಿಯಲ್ಲಿ ಅದನ್ನು ಸೂಕ್ಷ್ಮದರ್ಶಕದಿಂದ ನೋಡಲು ಸಾಮಾನ್ಯವಾಗಿ ಅದರ ಮೇಲಿನ ಮೆದುಳಿನ ತೊಗಟೆಯ ಸ್ವಲ್ಪ ಭಾಗವನ್ನೇ ತೆಗೆಯಬೇಕಾಗುತ್ತದೆ. ಇಂಥ ಅಧ್ಯಯನಗಳ ಕೊನೆಯಲ್ಲಿ ಪ್ರಾಣಿಯನ್ನು ನೋವಾಗದ ರೀತಿಯಲ್ಲಿ ಕೊನೆಗಾಣಿಸುವುದೇ ಹೆಚ್ಚು. ಇದನ್ನೆಲ್ಲ “ಏನೂ ಆಗೋದಿಲ್ಲ” ಎಂಬ ಎರಡು ಪದಗಳ ಕೆಳಗೆ ಮುಚ್ಚಿದ್ದೆ.

ಹಿಡಿದಿಡುವುದೇ ಒಂದು ಒತ್ತಡ. ಇದಕ್ಕೆ ಗಟ್ಟಿ ಆಧಾರವೂ ಬೆಂಗಳೂರಿನಲ್ಲೇ ಇದೆ. ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿ, ನಿಮ್ಹಾನ್ಸ್‌ನ ಬಿ. ಎಸ್. ಶಂಕರನಾರಾಯಣ ರಾವ್ ಮತ್ತು ಸಂಗಡಿಗರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದೊಡ್ಡ ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಇರಿಸಿದಾಗ, ಹಿಪೊಕ್ಯಾಂಪಸ್‌ನ ನರಕೋಶಗಳ ಡೆಂಡ್ರೈಟ್ ಕವಲುಗಳು ಕುಗ್ಗಿದವು. ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾ ಭಾಗದಲ್ಲಿ ಅವು ಬೆಳೆದವು. ಅದು ಒತ್ತಡದ ಪರಿಣಾಮ ತಿಳಿಯಲೆಂದೇ ಇಡೀ ದೇಹವನ್ನು ಹಿಡಿದಿಟ್ಟ ಪ್ರಯೋಗ. ಕಾಲು ಆಡಿಸುತ್ತಾ ಚಕ್ರದ ಮೇಲೆ ನಿಲ್ಲುವ ಇಲಿಯ ಸ್ಥಿತಿ ಅದೇ ಅಲ್ಲ. ಆದರೂ ಎಚ್ಚರಿಕೆ ಒಂದೇ: ಹಿಡಿತವು ಮೆದುಳನ್ನು ಬದಲಿಸಬಲ್ಲದು. ಮೆದುಳನ್ನು ಅಳೆಯಲು ಹೊರಟವರು ತಮ್ಮ ಉಪಕರಣವೇ ಅಳತೆಯನ್ನು ಕೆಡಿಸುತ್ತಿಲ್ಲವೇ ಎಂದು ಕೇಳಿಕೊಳ್ಳಲೇಬೇಕು. ಹೆದರಿದ ಇಲಿಯ ಮೆದುಳನ್ನು ನೋಡಿ ‘ಕಲಿಕೆ ಹೀಗಿರುತ್ತದೆ’ ಎಂದು ಬರೆದರೆ ಅದು ದಯೆಯ ಕೊರತೆ ಮಾತ್ರವಲ್ಲ, ವಿಜ್ಞಾನದ ತಪ್ಪೂ ಹೌದು.

ಆದ್ದರಿಂದ ಒಳ್ಳೆಯ ಪ್ರಯೋಗಾಲಯಗಳು ಮೊದಲ ದಿನವೇ ಇಲಿಯನ್ನು ಬಿಗಿಯುವುದಿಲ್ಲ. ಮೊದಲು ಕೈಯಲ್ಲಿ ಹಿಡಿದು ಅಭ್ಯಾಸ ಮಾಡಿಸುತ್ತಾರೆ, ನಂತರ ಕೆಲವೇ ನಿಮಿಷ, ಆಮೇಲೆ ದಿನದಿಂದ ದಿನಕ್ಕೆ ಸ್ವಲ್ಪ ಹೆಚ್ಚು. ಇಲಿ ಒದ್ದಾಡುತ್ತಿದ್ದರೆ ಆ ದಿನದ ಕೆಲಸ ನಿಲ್ಲಿಸುತ್ತಾರೆ.

ಅಭ್ಯಾಸವಾದರೂ ಕೆಲವು ಕೊರತೆಗಳು ಉಳಿಯುತ್ತವೆ. ತಲೆ ತಿರುಗದಿದ್ದರೆ ಒಳಕಿವಿಯ ಸಮತೋಲನ ಅಂಗ ಸಹಜ ಸಂಕೇತ ಕಳಿಸುವುದಿಲ್ಲ. ಕಾಲು ಓಡುತ್ತಿದೆ ಎನ್ನುತ್ತದೆ, ಕಿವಿ ನಿಂತಿದ್ದೇವೆ ಎನ್ನುತ್ತದೆ. ಮೂಸುತ್ತಾ, ತಲೆ ಆಡಿಸುತ್ತಾ ಬದುಕುವ ಪ್ರಾಣಿಗೆ ಇದು ಸಹಜ ಲೋಕವಲ್ಲ.

ಪಾವ್ಲೋವನ ಪಟ್ಟಿ, ಸ್ಕಿನ್ನರನ ಪೆಟ್ಟಿಗೆ

ಈ ವಿಷಯ ಓದುವಾಗ ನನಗೆ ಹೊಳೆದ ಒಂದು ಹೋಲಿಕೆ ಸಹಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಬಹುದು. ನಾವು ಪಾವ್ಲೋವ್ ಮತ್ತು ಸ್ಕಿನ್ನರ್ ಇಬ್ಬರನ್ನೂ ಒಂದೇ ವಾರದಲ್ಲಿ ಓದುತ್ತೇವೆ, ವ್ಯತ್ಯಾಸಗಳ ಪಟ್ಟಿ ಬರೆಯುತ್ತೇವೆ. ಪಾವ್ಲೋವನ ನಾಯಿಯನ್ನು ಪಟ್ಟಿಗಳಿಂದ ಕಟ್ಟಿ ನಿಲ್ಲಿಸಲಾಗಿತ್ತು ಎಂಬುದನ್ನು ಚಿತ್ರದಲ್ಲಿ ನೋಡಿಯೂ ಗಮನಿಸುವುದಿಲ್ಲ. ಕಟ್ಟಿಗೆ ಒಗ್ಗದೆ ಒದ್ದಾಡಿದ ಒಂದು ನಾಯಿಯ ಬಗ್ಗೆ ಬರೆಯುತ್ತಾ ಪಾವ್ಲೋವನೇ ಅದನ್ನು ಸ್ವಾತಂತ್ರ್ಯದ ಪರಾವರ್ತನೆ ಎಂದು ಕರೆದ. ಸ್ಕಿನ್ನರನ ಇಲಿ ಪೆಟ್ಟಿಗೆಯೊಳಗೆ ಓಡಾಡಿಕೊಂಡಿತ್ತು, ಸನ್ನೆಕೋಲನ್ನು ತಾನಾಗಿ ಒತ್ತಿತು, ಆಹಾರ ಪಡೆಯಿತು.

ಇವೆರಡನ್ನೂ ಸೇರಿಸುವ ಪ್ರಯತ್ನ 2013ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ನಡೆಯಿತು. ಬೆಂಜಮಿನ್ ಸ್ಕಾಟ್, ಕಾರ್ಲೋಸ್ ಬ್ರೋಡಿ ಮತ್ತು ಡೇವಿಡ್ ಟ್ಯಾಂಕ್ ದೊಡ್ಡ ಇಲಿಗಳಿಗೆ ಸ್ವಯಂಪ್ರೇರಿತ ತಲೆಹಿಡಿತವನ್ನು ಕಲಿಸಿದರು. ತಲೆಪಟ್ಟಿ ಇರುವ ಇಲಿ ತಾನೇ ನಡೆದು ಬಂದು ಪಟ್ಟಿಯನ್ನು ಹಿಡಿಕೆಯೊಳಗೆ ತೂರಿಸುತ್ತದೆ. ಹಿಡಿಕೆ ಕೆಲವು ಸೆಕೆಂಡು ಮುಚ್ಚಿಕೊಳ್ಳುತ್ತದೆ, ಅಷ್ಟರಲ್ಲಿ ಚಿತ್ರ ತೆಗೆಯುತ್ತಾರೆ, ನಂತರ ಬಿಡುತ್ತದೆ. ಇಲಿಗೆ ನೀರು ಸಿಗುತ್ತದೆ. ಬೇಕಾದರೆ ಮತ್ತೆ ಬರುತ್ತದೆ.

ಹೋಗಿ ಬಂದ ಇಲಿಯ ಅದೇ ಕೋಶ ಪ್ರತಿ ಸಲ ಸೂಕ್ಷ್ಮದರ್ಶಕದ ಕೆಳಗೆ ಅದೇ ಜಾಗಕ್ಕೆ ಹೇಗೆ ಬರುತ್ತದೆ? ಇದಕ್ಕೆ ಹಳೆಯ ಭೌತಶಾಸ್ತ್ರದ ಉಪಾಯವಿದೆ. ಮೂರು ಕಾಲಿನ ಸ್ಟೂಲು ಎಂಥ ನೆಲದಲ್ಲೂ ಅಲ್ಲಾಡುವುದಿಲ್ಲ, ನಾಲ್ಕು ಕಾಲಿನದು ಅಲ್ಲಾಡುತ್ತದೆ. ಬೇಕಾದಷ್ಟೇ ಸ್ಪರ್ಶಬಿಂದುಗಳಿದ್ದರೆ ವಸ್ತು ಒಂದೇ ಸ್ಥಾನದಲ್ಲಿ ಕೂರುತ್ತದೆ, ಹೆಚ್ಚಾದರೆ ಅವು ಒಂದರೊಡನೊಂದು ಜಗಳಾಡುತ್ತವೆ. ಈ ತತ್ವದ ಮೇಲೆ ಮಾಡಿದ ಹಿಡಿಕೆಯಿಂದ ತಲೆ ಪ್ರತಿ ಬಾರಿಯೂ ಕೆಲವೇ ಮೈಕ್ರೋಮೀಟರ್ ವ್ಯತ್ಯಾಸದಲ್ಲಿ ಅದೇ ಸ್ಥಾನಕ್ಕೆ ಮರಳುತ್ತದೆ. ತರಗತಿಯಲ್ಲಿ ಮೂರು ಕಾಲಿನ ಸ್ಟೂಲನ್ನೂ ನಾಲ್ಕು ಕಾಲಿನದನ್ನೂ ಅಂಗಳದ ತಗ್ಗುದಿಣ್ಣೆಯ ಮೇಲಿಟ್ಟು ತೋರಿಸಿದರೆ ಸಾಕು.

ಇನ್ನೊಂದು ದಾರಿ ಸೂಕ್ಷ್ಮದರ್ಶಕವನ್ನೇ ಚಿಕ್ಕದು ಮಾಡುವುದು. 2011ರಲ್ಲಿ ಸ್ಟ್ಯಾನ್‌ಫರ್ಡಿನ ತಂಡ 2 ಗ್ರಾಂಗಿಂತ ಕಡಿಮೆ ತೂಕದ ಸೂಕ್ಷ್ಮದರ್ಶಕ ಮಾಡಿತು. ಅದನ್ನು ಸುಂಡಿಲಿ ತಲೆಯ ಮೇಲೆ ಹೊತ್ತು ಓಡಾಡುತ್ತದೆ. ಓಡಾಟಕ್ಕೆ ಸ್ವಾತಂತ್ರ್ಯ ಸಿಗುತ್ತದೆ, ಆದರೆ ಚಿತ್ರದ ಸೂಕ್ಷ್ಮತೆಯಲ್ಲಿ ಮೇಜಿನ ಮೇಲಿನ ದೊಡ್ಡ ಯಂತ್ರವೇ ಮುಂದೆ. ಯಾವ ಪ್ರಶ್ನೆಗೆ ಯಾವ ಉಪಕರಣ ಎಂಬುದನ್ನು ಪ್ರಶ್ನೆಯೇ ನಿರ್ಧರಿಸಬೇಕು.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಇಂಥ ಪ್ರಯೋಗಗಳು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಅಡಿಯಲ್ಲಿ ಬರುತ್ತವೆ. ಪ್ರಯೋಗ ನಡೆಸುವ ಪ್ರತಿ ಸಂಸ್ಥೆಯಲ್ಲೂ ಪ್ರಾಣಿ ನೀತಿ ಸಮಿತಿ ಇರಬೇಕು. ಅದರಲ್ಲಿ ವಿಜ್ಞಾನಿಗಳ ಜೊತೆಗೆ ಪಶುವೈದ್ಯರು, ಹೊರಗಿನವರು, ವಿಜ್ಞಾನಿಯಲ್ಲದ ಒಬ್ಬ ಸಾಮಾಜಿಕ ಸದಸ್ಯರೂ ಇರುತ್ತಾರೆ. ಎಷ್ಟು ಪ್ರಾಣಿ, ಯಾಕೆ ಬೇಕು, ನೋವು ಹೇಗೆ ತಗ್ಗಿಸುತ್ತೀರಿ ಎಂದು ಮೊದಲೇ ಬರೆದು ಒಪ್ಪಿಗೆ ಪಡೆಯಬೇಕು. ರಸೆಲ್ ಮತ್ತು ಬರ್ಚ್ ಎಂಬ ಇಂಗ್ಲಿಷ್ ವಿಜ್ಞಾನಿಗಳು 1959ರಲ್ಲಿ ಹೇಳಿದ ಮೂರು ಮಾತು ಇಂದಿಗೂ ಅಳತೆಗೋಲು: ಪ್ರಾಣಿಯ ಬದಲು ಬೇರೆ ದಾರಿ ಇದ್ದರೆ ಅದನ್ನು ಬಳಸು, ಬಳಸಲೇಬೇಕಾದರೆ ಸಂಖ್ಯೆ ಕಡಿಮೆ ಮಾಡು, ವಿಧಾನವನ್ನು ನೋವು ಕಡಿಮೆಯಾಗುವಂತೆ ಸುಧಾರಿಸು. ಚೆಂಡು, ಚಕ್ರ, ಸ್ವಯಂಪ್ರೇರಿತ ಹಿಡಿಕೆ ಇವು ಮೂರನೆಯ ಮಾತಿನ ಕಡೆಗಿನ ಹೆಜ್ಜೆಗಳು. ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಇಲಿ ಹಿಡಿದು ಇಂಥದ್ದನ್ನು ಪ್ರಯತ್ನಿಸಬಾರದು ಎಂಬುದನ್ನು ಮಕ್ಕಳಿಗೆ ಖಡಾಖಂಡಿತವಾಗಿ ಹೇಳಬೇಕು.

ಬಬಲೇಶ್ವರದಲ್ಲಿ ಮಾಡಿದ ಬದಲಾವಣೆ, ತಿಕೋಟಾಕ್ಕೆ ಮರಳಿದ್ದು

ಬಬಲೇಶ್ವರದ ತರಗತಿಯಲ್ಲಿ ಅದೇ ಚಿತ್ರ ತೋರಿಸಿದೆ. ಆದರೆ ಪಾಠ ಯೋಜನೆಯಲ್ಲಿ ಪ್ರಶ್ನೆಗಳಿಗೆಂದೇ 12 ನಿಮಿಷ ಇಟ್ಟಿದ್ದೆ. ಕಪ್ಪುಹಲಗೆಯ ಮೇಲೆ ಮೂರು ಕಂಬಸಾಲು ಬರೆದೆ: ಏನು ತಿಳಿಯುತ್ತದೆ? ಇಲಿಗೆ ಏನಾಗುತ್ತದೆ? ಬೇರೆ ದಾರಿ ಇದೆಯೇ? ಮಕ್ಕಳು ಗುಂಪಿನಲ್ಲಿ ಕುಳಿತು ತುಂಬಿದರು. ಮನೆಯಲ್ಲಿ ಇಲಿ ಪಾಷಾಣ ಇಡುತ್ತೇವಲ್ಲ, ಅದಕ್ಕೆ ಯಾರೂ ಸಮಿತಿ ಕೇಳುವುದಿಲ್ಲವಲ್ಲ ಎಂದ ಒಬ್ಬ ಹುಡುಗ. ಒಂದು ತಪ್ಪಿಗೆ ಇನ್ನೊಂದನ್ನು ತೋರಿಸಿದರೆ ಸರಿಯಾಗುತ್ತದೇನು ಎಂದ ಇನ್ನೊಬ್ಬ. ಮರೆವಿನ ಕಾಯಿಲೆ ಇರುವ ಅಜ್ಜನ ಬಗ್ಗೆ ಒಬ್ಬ ಹುಡುಗಿ ಹೇಳಿದಳು. ಅಂಥ ಕಾಯಿಲೆಗೆ ಔಷಧ ಬೇಕಾದರೆ ನೆನಪು ಹೇಗೆ ಕೆಲಸ ಮಾಡುತ್ತದೆಂದು ಯಾರಾದರೂ ನೋಡಲೇಬೇಕಲ್ಲ ಎಂಬುದು ಅವಳ ವಾದ. ನಾನು ತೀರ್ಪು ಕೊಡಲಿಲ್ಲ. ಗೊತ್ತಿದ್ದ ಸಂಗತಿಗಳನ್ನು ಮಾತ್ರ, ಸಿಹಿ ಕಹಿ ಎರಡನ್ನೂ, ಸರಿಯಾದ ಕಂಬಸಾಲಿನಲ್ಲಿ ಬರೆದೆ. ಕೆಲವು ಮಕ್ಕಳ ಮುಖ ಸಪ್ಪಗಾಯಿತು ನಿಜ. ಪಾಠ ಕೆಡಲಿಲ್ಲ. ಪರಾವರ್ತಿತ ಕ್ರಿಯೆಗೂ ಕಲಿತ ಪ್ರತಿಕ್ರಿಯೆಗೂ ಇರುವ ವ್ಯತ್ಯಾಸವನ್ನು ರೆಪ್ಪೆಯ ಉದಾಹರಣೆಯಿಂದಲೇ ಅವರು ಬರೆದರು.

ಒಂದು ಕೆಲಸ ಬಾಕಿ ಇತ್ತು. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಒಂದು ಶನಿವಾರ ಬೆಳಿಗ್ಗೆ ತಿಕೋಟಾದ ಶಾಲೆಗೆ ಹೋದೆ. ಅರ್ಧ ಅವಧಿ ಕೊಟ್ಟರು. ಚಿತ್ರವನ್ನು ಮತ್ತೆ ಗೋಡೆಗೆ ಹಚ್ಚಿ, “ಆ ದಿನ ನಾನು ಏನೂ ಆಗೋದಿಲ್ಲ ಅಂದಿದ್ದೆ, ಅದು ತಪ್ಪು ಉತ್ತರ” ಎಂದು ಶುರು ಮಾಡಿದೆ. ಶಸ್ತ್ರಚಿಕಿತ್ಸೆ, ಒತ್ತಡ, ಬೆಂಗಳೂರಿನ ಎರಡೂ ಅಧ್ಯಯನಗಳು, ತಾನಾಗಿ ಬಂದು ತಲೆ ಕೊಡುವ ಇಲಿ, ಎಲ್ಲವನ್ನೂ ಹೇಳಿದೆ.

ಮೂರನೆಯ ಸಾಲಿನ ಅದೇ ಹುಡುಗಿ ಎದ್ದಳು. “ಟೀಚರ್ರಿ, ನೀರಡಿಸಿದ ಇಲಿಗಿ ನೀರು ತೋರಿಸಿದ್ರ ಅದು ಬಂದ ಬರತೈತಿ. ಅದು ತಾನಾಗೇ ಬಂದಂಗ ಹೆಂಗಾತ್ರಿ?”

ಇಂಥ ಪ್ರಯೋಗಗಳಲ್ಲಿ ಇಲಿಗೆ ಕೊಡುವ ನೀರನ್ನು ಮಿತಿಗೊಳಿಸಿರುತ್ತಾರೆ, ಅದರ ತೂಕ ಹೆಚ್ಚು ಇಳಿಯದಂತೆ ದಿನವೂ ತೂಗಿ ನೋಡುತ್ತಾರೆ ಎಂದು ನನಗೆ ತಿಳಿದಷ್ಟು ಹೇಳಿದೆ. ಸ್ವಯಂಪ್ರೇರಿತ ಎಂಬ ಪದವನ್ನು ಓದುವಾಗ ನಾನೇ ಅಷ್ಟು ಯೋಚಿಸಿರಲಿಲ್ಲ ಎಂದೂ ಹೇಳಿದೆ. ಅವಳ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಕಪ್ಪುಹಲಗೆಯ ಮೇಲೆ ಬರೆದು, ಕೆಳಗೆ ಉತ್ತರಕ್ಕೆ ಜಾಗ ಬಿಟ್ಟೆ. ಗಂಟೆ ಬಾರಿಸಿತು. ಮುಂದಿನ ಅವಧಿಗೆ ಬಂದ ಕನ್ನಡ ಗುರುಗಳು ಹಲಗೆ ಒರೆಸಲು ಡಸ್ಟರ್ ಎತ್ತಿ, ಅದನ್ನು ಓದಿ, ಆ ಒಂದು ಸಾಲನ್ನು ಹಾಗೇ ಬಿಟ್ಟು ಉಳಿದದ್ದನ್ನು ಒರೆಸಿದರು.